ಬೈರಣ್ಣ ಬಿಚ್ಚಿಟ್ಟ ಜೀಪು

ಆ ದಿನ ಬೆಳಗ್ಗೆ ಸೊಣ್ಣಮ್ಮನ ಮನೆಯಲ್ಲಿ ರಂಗೋಲಿ ಪುಡಿಯ ಡಬ್ಬ ಕಾಣಲಿಲ್ಲ. ಅಂಚು ಚಕ್ಕೆಯೆದ್ದ ಪಿಂಗಾಣಿ ತಟ್ಟೆಯೂ ಕಾಣಲಿಲ್ಲ. ಕಳ್ಳನನ್ನು ಹುಡುಕಿಕೊಂಡು ದೂರ ಹೋಗುವ ಕೆಲಸವೇನೂ ಇರಲಿಲ್ಲ. ಗಂಡ ಬೈರಣ್ಣ ಅಂಗಳದಲ್ಲಿ ಜೀಪಿನ ಕೆಳಗೆ ಅಂಗಾತ ಮಲಗಿದ್ದ. ತಟ್ಟೆ ಅವನ ತಲೆಯ ಪಕ್ಕದಲ್ಲಿತ್ತು. ಅದರ ತುಂಬ ಕರೀ ಎಣ್ಣೆ.

“ಉಣ್ಣೋ ತಟ್ಟೆ ಅದು,” ಅಂದಳು.

“ಇದೂ ಉಣ್ಣೋಕೇ. ಜೀಪು ಉಣ್ತದೆ.”

“ಹಂಗಾದ್ರೆ ಮುದ್ದೇನೂ ಅದಕ್ಕೇ ಇಕ್ತೀನಿ. ನೀವು ಎಣ್ಣೆ ಕುಡೀರಿ.”

ಬೈರಣ್ಣ ಕೆಳಗಿನಿಂದಲೇ ನಕ್ಕ. ನಗು ಕೇಳಿಸಿತು, ಮುಖ ಕಾಣಲಿಲ್ಲ.

ಜಯನಗರದಲ್ಲಿ ಮನೆಗಳಿಗಿಂತ ಕಲ್ಲು ನೆಟ್ಟ ಸೈಟುಗಳೇ ಹೆಚ್ಚಿದ್ದ ಕಾಲ ಅದು. ಬೈರಣ್ಣ ತನ್ನೂರು ಸುದ್ದಗುಂಟೆಪಾಳ್ಯದಿಂದ ಅಲ್ಲಿಗೆ ಜೀಪಿನಲ್ಲಿ ಮರಳು, ಗೋಡೆ ಕಟ್ಟುವ ಸೈಜುಗಲ್ಲು ಎಳೆಯುತ್ತಿದ್ದ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಹಳೇ ಜೀಪು ಅದು. ಒಂದಲ್ಲ, ಎರಡು ಜೀಪಿನ ಸಾಮಾನು ಕೂಡಿಸಿ ಅವನೇ ಕಟ್ಟಿದ್ದ. ಹೊಂದದ ಕಡೆಯೆಲ್ಲ ತಾನೇ ಕಬ್ಬಿಣ ಕಡಿದು ತುರುಕಿದ್ದ. ಅದರ ಹೊಟ್ಟೆಯೊಳಗೆ ಏನಿದೆ ಅನ್ನುವುದು ಅವನೊಬ್ಬನಿಗೇ ಗೊತ್ತು.

ಅದಕ್ಕೊಂದು ಕಾಯಿಲೆ ಇತ್ತು. ಏರು ಹತ್ತುವಾಗ ನಾಲ್ಕು ಗಾಲಿಗೂ ಬಲ ಕೊಡಲು ಒಂದು ಗಿಡ್ಡ ಹಿಡಿ ಇತ್ತಲ್ಲ, ಅದು ಅರ್ಧ ದಾರಿಯಲ್ಲಿ ಟಕ್ಕನೆ ಕಳಚಿಕೊಳ್ಳುತ್ತಿತ್ತು. ಜೀಪು ಹಿಂದಕ್ಕೆ ಜಾರುತ್ತಿತ್ತು. ಅದಕ್ಕೇ ಕೆರೆ ಏರಿ ಹತ್ತುವಾಗೆಲ್ಲ ಸೊಣ್ಣಮ್ಮ ಪಕ್ಕದಲ್ಲಿ ಕೂತು ಎರಡು ಕೈಯಲ್ಲೂ ಆ ಹಿಡಿಯನ್ನು ಅದುಮಿ ಹಿಡಿಯಬೇಕು. “ಹಿಡ್ಕೊ” ಅನ್ನುತ್ತಿದ್ದ. ಹಿಡಿದುಕೊಳ್ಳುತ್ತಿದ್ದಳು. ಗಂಡ ಹೆಂಡಿರ ನಡುವೆ ಹೆಚ್ಚು ನಡೆದ ಮಾತು ಅದೇ.

ಆ ದಿನ ಅವನು ಗೇರಿನ ಪೆಟ್ಟಿಗೆ ಬಿಚ್ಚಿ, ಒಳಗಿನ ಕಬ್ಬಿಣದ ಬಳೆಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟಿದ್ದ. ಒಂದು ದಪ್ಪ, ಒಂದು ತೆಳು, ಒಂದು ಅದಕ್ಕೂ ತೆಳು. ಪ್ರತಿಯೊಂದರ ಸುತ್ತಲೂ ರಂಗೋಲಿ ಪುಡಿಯಲ್ಲಿ ಸುತ್ತು ಹಾಕಿದ್ದ.

“ನನ್ ಪುಡಿಯೆಲ್ಲ ಮುಗಿಸಿದ್ರಿ,” ಅಂದಳು ಸೊಣ್ಣಮ್ಮ ಹೊಸಲ ಮೇಲೆ ನಿಂತು. ಪೊರಕೆ ಕೈಯಲ್ಲಿತ್ತು. ಕೆಳಗೆ ಇಳಿಯಲಿಲ್ಲ.

“ಅಳಿಸ್ಬೇಡ. ನಾಳೆ ಇದೇ ಸಾಲಲ್ಲಿ ಒಳಗೆ ಹೋಗ್ಬೇಕು. ಆಮೇಲೆ ನಿನ್ ಕೈನೋವು ಇರಲ್ಲ.”

“ನನ್ ಕೈ ನೋಯ್ತದೆ ಅಂತ ನಿಮಗ್ಯಾರು ಹೇಳಿದ್ದು?”

ಅವನು ಜೀಪಿಗೆ ಒರಗಿ ಕೂತು ಕೈಯ ಎಣ್ಣೆ ಒರೆಸಿಕೊಂಡ. ರಾತ್ರಿ ಮುದ್ದೆ ಉಂಡು ಮಲಗಿದ.

ಬೆಳಗ್ಗೆ ಬಾವಿಗೆ ಹೋದವನು ಕಟ್ಟೆಯ ಮೇಲೆ ಕೂತ. ಹಾಗೇ ಒರಗಿದ. ಸೊಣ್ಣಮ್ಮ ಹೋಗಿ ನೋಡಿದಾಗ ಕೊಡ ತುಂಬಿತ್ತು. ಗಂಡನ ಮೈಯಲ್ಲಿ ಜೀವ ಇರಲಿಲ್ಲ.

ಸಾವಿನ ಮನೆಯ ಮುಂದೆ ರಂಗೋಲಿ ಇರಬಾರದು. ಮೈದುನನ ಹೆಂಡತಿ ಮುನಿವೆಂಕಟಮ್ಮ ನಾಲ್ಕು ಕೊಡ ನೀರು ತಂದು ಅಂಗಳ ತೊಳೆದಳು. ಬಳೆ, ಹಲ್ಲಿನ ಚಕ್ರ, ಬೋಲ್ಟು, ಎಲ್ಲ ಬಳಿದು ರಾಗಿ ಮಂಕರಿಗೆ ತುಂಬಿದಳು. ಅವಳು ಮಾಡಿದ್ದರಲ್ಲಿ ತಪ್ಪೇನಿಲ್ಲ, ಮಾಡಬೇಕಾದ್ದೇ ಅದು. ಗೋಡೆಗೆ ಒರಗಿ ಕೂತಿದ್ದ ಸೊಣ್ಣಮ್ಮ ಬಿಳೀ ನೀರು ಮೋರಿಗೆ ಹರಿಯುವುದನ್ನು ನೋಡಿದಳು.

ಕಾರ್ಯಗಳೆಲ್ಲ ಮುಗಿದ ಮೇಲೆ ಮೈದುನ ಚಿಕ್ಕಬೈರಪ್ಪ ಬಂದು ಜಗಲಿಯ ಮೇಲೆ ಕೂತ. “ಅತ್ತಿಗೆ, ಸುಗ್ಗಿಗೆ ಅಂಗಳ ಬೇಕು. ಆ ಜೀಪನ್ನ ಗುಜರಿಯೋನಿಗೆ ಹಾಕ್ಬಿಡನ.”

“ಬೇಡ.”

“ನಿಮಗೆ ಓಡ್ಸೋಕೆ ಬರಲ್ಲ. ಇಟ್ಕೊಂಡು ಏನ್ ಮಾಡ್ತೀರ?”

ಸೊಣ್ಣಮ್ಮನಿಗೆ ಅದನ್ನು ತಕ್ಕಡಿಗೆ ಹಾಕುವುದು ಮಾತ್ರ ಆಗದು ಅನ್ನಿಸಿತು. ಚಿಕ್ಕಬೈರಪ್ಪ ಕೆಟ್ಟವನಲ್ಲ. ತಲೆ ಕೆರೆದುಕೊಂಡು ಹೇಳಿದ: “ಸುಗ್ಗಿ ಒಳಗೆ ಅದು ಕೆರೆ ಏರಿ ಹತ್ತಿದ್ರೆ ಇರ್ಲಿ. ಹತ್ತದಿದ್ರೆ ಗುಜರಿಗೆ. ಆಯ್ತಾ?”

“ಆಯ್ತು,” ಅಂದಳು. ಹತ್ತಿಸುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.

ಬೈರಣ್ಣನಿಗೆ ಇಬ್ಬರು ಜೀಪಿನ ಹುಚ್ಚರು ಸ್ನೇಹಿತರಿದ್ದರು. ಭಾನುವಾರ ಬಂತೆಂದರೆ ಮೂರು ಜೀಪೂ ಬನಶಂಕರಿ ಕಡೆಯ ಗುಡ್ಡ ಹತ್ತುವುದು, ಇಳಿಯುವುದು, ಕೆಟ್ಟರೆ ಮರದ ಕೆಳಗೆ ಬಿಚ್ಚುವುದು. ಪಾಳ್ಯದ ಹೆಂಗಸರು ಅವರನ್ನು ಭಾನುವಾರದವರು ಅನ್ನುತ್ತಿದ್ದರು. ತ್ಯಾಗರಾಜನಗರದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಗುಂಡಣ್ಣನ ಜೀಪಿಗೆ ಮೇಲೆ ಹೊದಿಕೆಯೇ ಇಲ್ಲ. ಜಯನಗರದ ಎಣ್ಣೆ ವ್ಯಾಪಾರಿ ಶಂಭುಲಿಂಗಪ್ಪನ ಜೀಪಿಗೆ ಹೂವಿನ ಪರದೆ. ಸೊಣ್ಣಮ್ಮ ಹೇಳಿಕಳಿಸಿದ ಭಾನುವಾರ ಇಬ್ಬರೂ ಬಂದರು.

ಮಂಕರಿಯನ್ನು ಗೋಣಿಯ ಮೇಲೆ ಸುರಿದರು. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಕೆದಕಿದರು.

“ಶಿವನೇ,” ಅಂದ ಶಂಭುಲಿಂಗಪ್ಪ. “ಹಲ್ಲಿನ ಚಕ್ರ ಎಲ್ಲಿ ಕೂರ್ತವೆ ಅಂತ ಗೊತ್ತು. ಈ ಬಳೆಗಳದ್ದೇ…” ಅವನ ಕಣ್ಣು ಸೊಣ್ಣಮ್ಮನ ಬರಿಗೈ ಮೇಲೆ ಬಿತ್ತು. “ಈ ರಿಂಗುಗಳದ್ದೇ ಕಷ್ಟ.”

“ಬಳೇನೇ ಅನ್ನಿ,” ಅಂದಳು ಸೊಣ್ಣಮ್ಮ. “ನನಗೆ ರಿಂಗು ಅಂದ್ರೆ ತಿಳಿಯಲ್ಲ.”

ಮೊದಲು ಅವಳಿಗೆ ಕಾಫಿ ಮಾಡುವ ಕೆಲಸ ಕೊಟ್ಟರು. ಕಾಫಿ ಕುಡಿದಾದ ಮೇಲೂ ಅವಳು ಅಲ್ಲೇ ನಿಂತಿದ್ದರಿಂದ ಸೀಮೆಣ್ಣೆ, ಚಿಂದಿ ಬಟ್ಟೆ ಕೊಟ್ಟರು. ಆಮೇಲೆ ಸ್ಪ್ಯಾನರ್. ಕೂತಾಗ ಬಿಗಿಯುವುದು ಬಲಕ್ಕೆ. ಜೀಪಿನ ಕೆಳಗೆ ಮಲಗಿದರೆ ಯಾವುದು ಬಲ, ಯಾವುದು ಎಡ, ತಲೆ ಯಾವ ಕಡೆ, ಎಲ್ಲ ಕಲಸಿಹೋಗುತ್ತಿತ್ತು.

“ಅಕ್ಕ, ಬಿಚ್ಚಿ ಅಂದ್ರೆ ಬಿಗೀತಿದ್ದೀರ,” ಅಂದ ಗುಂಡಣ್ಣ.

“ನೀವು ಆ ಕಡೆ ನಿಂತು ಬಲ ಅಂದ್ರೆ ನಾನು ಯಾರ ಬಲ ಅಂತ ತಿಳ್ಕೊಳ್ಳಿ?”

“ಜೀಪಿನ ಬಲ ಅಕ್ಕ.”

“ಜೀಪಿಗೂ ಕೈ ಐತಾ?”

ಗುಂಡಣ್ಣ ಸೋತು ನಕ್ಕ. ಆಮೇಲೆ ಕೇಳಿದ: “ಅಣ್ಣ ಈ ಬಳೆಗಳನ್ನ ಹೆಂಗೆ ಜೋಡಿಸಿದ್ದ, ನೀವು ನೋಡಿದ್ರಾ?”

ನೋಡಿದ್ದಳು. ದಿನಾ ರಂಗೋಲಿ ಇಡುತ್ತಿದ್ದವಳು, ಒಮ್ಮೆ ಕಂಡದ್ದು ಕಣ್ಣಲ್ಲಿ ನಿಂತಿತ್ತು. ಹೊಸಲ ಬಳಿ ಕೂತು, ಎಡಗಡೆ ದಪ್ಪದ್ದು, ಆಮೇಲೆ ತೆಳ್ಳಗಿನವು, ಹಾಗೇ ಬಲಕ್ಕೆ ರಂಗೋಲಿ ಪುಡಿಯಲ್ಲಿ ಸುತ್ತು ಹಾಕುತ್ತ ಹೋದಳು. ಒಂದೊಂದರೊಳಗೂ ಅದರದರ ಬಳೆ ಇಟ್ಟಳು. ಬೈರಣ್ಣ ಯಾವತ್ತೂ ಎಡಗಡೆಯಿಂದ ಶುರುಮಾಡುವವನು ಎಂದು ಗುಂಡಣ್ಣನಿಗೆ ಗೊತ್ತಿತ್ತು. ಎಡದ್ದನ್ನು ಮೊದಲು ಹಾಕಿದರು. ಪೆಟ್ಟಿಗೆ ಮುಚ್ಚಿ ಬಿಗಿದರು. ಕೈಯಲ್ಲಿ ತಿರುಗಿಸಿದರು. ತಿರುಗಲಿಲ್ಲ.

ಬಿಚ್ಚಿ ಮತ್ತೆ ಹಾಕಿದರು. ತಿರುಗಲಿಲ್ಲ. ಮುಂದಿನ ಭಾನುವಾರವೂ ತಿರುಗಲಿಲ್ಲ. ಸೊಣ್ಣಮ್ಮನಿಗೆ ತನ್ನ ಕಣ್ಣಿನ ಮೇಲೇ ಅನುಮಾನ ಬಂತು. ನೋಡಿದ್ದು ಹೌದೋ, ಸಿಟ್ಟಿನಲ್ಲಿ ನೋಡದೆಯೇ ನೋಡಿದೆ ಅಂದುಕೊಂಡಿದ್ದಳೋ. ಅವನು ಹೇಳಿದ ಮಾತುಗಳೂ ಮಸುಕಾಗತೊಡಗಿದವು. “ನಾಳೆ” ಅಂದಿದ್ದನೇ, “ಬೆಳಗ್ಗೆ” ಅಂದಿದ್ದನೇ? ಹೊಲದಲ್ಲಿ ರಾಗಿ ಬಲಿಯಿತು. ಗುಜರಿಯವನು ಒಮ್ಮೆ ಬಂದು, ದನ ನೋಡುವವರ ಹಾಗೆ ಜೀಪಿನ ಬೆನ್ನು ತಟ್ಟಿ ಹೋದ.

ಒಂದು ಮಧ್ಯಾಹ್ನ ಅವಳೊಬ್ಬಳೇ ಮತ್ತೆ ಅದೇ ಸಾಲು ಬರೆದಳು. ಹೊಸಲಿಗೆ ಬಿಸಿಲು ಬಂದಿತ್ತು. ಜೀಪಿನ ಕಡೆ ನೆರಳಿತ್ತು. ಎದ್ದು ಹೋಗಿ ಜೀಪಿಗೆ ಒರಗಿ, ಮನೆಗೆ ಮುಖ ಮಾಡಿ ಕೂತಳು. ಬೈರಣ್ಣ ಕೂರುತ್ತಿದ್ದ ಜಾಗ. ಅವನು ಹೋದ ಮೇಲೆ ಅಲ್ಲಿ ಯಾರೂ ಕೂತಿರಲಿಲ್ಲ. ಅಲ್ಲಿಂದ ಮನೆ ಬೇರೆಯಾಗಿ ಕಂಡಿತು. ಬಾಗಿಲು ಗಿಡ್ಡ. ಹೊಸಲ ಮೇಲೆ ಯಾರಾದರೂ ನಿಂತರೆ ಪೂರ್ತಿ ಕಾಣುತ್ತಾರೆ, ಕಾಲಿನಿಂದ ತಲೆಯವರೆಗೆ.

ಆಮೇಲೆ ನೆಲ ನೋಡಿದಳು. ದಪ್ಪದ್ದು ಬಲಗಡೆ ಇತ್ತು.

ಎಡಗೈ ನೋಡಿಕೊಂಡಳು, ಬಲಗೈ ನೋಡಿಕೊಂಡಳು. ಎದ್ದು ಹೊಸಲಿಗೆ ಹೋದಳು. ದಪ್ಪದ್ದು ಎಡಕ್ಕೆ. ವಾಪಸ್ಸು ಬಂದಳು. ಬಲಕ್ಕೆ. ಮುನಿವೆಂಕಟಮ್ಮ ಗೋಡೆಯಾಚೆಯಿಂದ, “ಏನಕ್ಕ, ಬಿಸಿಲಿಗೆ ತಲೆ ತಿರುಗ್ತಾ?” ಅಂದಳು. “ತಿರುಗ್ತು,” ಅಂದಳು ಸೊಣ್ಣಮ್ಮ.

ಅವಳು ಬರೆದದ್ದು ತಾನು ಕಂಡದ್ದನ್ನು. ಅವನು ಇಟ್ಟದ್ದು ಎದುರುಗಡೆ ಕೂತು. ಅವನ ಎಡ ಅವಳಿಗೆ ಬಲ.

ಭಾನುವಾರ ಗುಂಡಣ್ಣ ಸಾಲನ್ನು ತಿರುಗಾಮುರುಗಾ ಹಾಕಿದ. ಪೆಟ್ಟಿಗೆ ಮುಚ್ಚಿದ. ಕೊನೆಯ ಬೋಲ್ಟನ್ನು ಸೊಣ್ಣಮ್ಮ ಬಿಗಿದಳು, ಸರಿಯಾದ ಕಡೆಗೇ. ತಿರುಗಿಸಿದರೆ ಬೆಣ್ಣೆಯ ಹಾಗೆ ತಿರುಗಿತು. ಗೋಣಿಯ ಮೇಲೆ ಒಂದು ಸಣ್ಣ ತೆಳು ಬಳೆ ಮಿಕ್ಕಿತ್ತು.

“ಇದು?”

“ತಿರುಗ್ತೈತಲ್ಲ, ಬಿಡಿ,” ಅಂದ ಶಂಭುಲಿಂಗಪ್ಪ. “ಅದು ಅವನಿಗೇ ಗೊತ್ತು.”

ಕೆರೆ ಏರಿಗೆ ಹೊರಟರು. ಗುಂಡಣ್ಣ ಓಡಿಸಿದ. ಸೊಣ್ಣಮ್ಮ ಪಕ್ಕದಲ್ಲಿ ಕೂತಳು. ಚಿಕ್ಕಬೈರಪ್ಪ ಏರಿಯ ಮೇಲೆ ಕೈಕಟ್ಟಿ ನಿಂತಿದ್ದ. ಜೀಪಿನ ಮೂತಿ ಮೇಲಕ್ಕೆದ್ದಿತು. ಯಾರೂ ಹೇಳದೆಯೇ ಅವಳ ಎರಡು ಕೈಯೂ ಹೋಗಿ ಆ ಹಿಡಿಯನ್ನು ಅದುಮಿದವು. ಕಳಚಿಕೊಳ್ಳುತ್ತಿದ್ದ ಜಾಗ ಹತ್ತಿರ ಬಂತು.

“ಅಕ್ಕ, ಕೈ ಬಿಡಿ.”

ಬಿಡಲಿಲ್ಲ.

“ನೀವು ಹಿಡ್ಕೊಂಡ್ರೆ ಅದು ನಿಂತಿದೆಯೋ ಇಲ್ವೋ ನನಗೆ ಹೆಂಗೆ ಗೊತ್ತಾಗ್ಬೇಕು? ಬಿಡಿ ಅಕ್ಕ.”

ಬಿಟ್ಟಳು. ಹಿಡಿ ಇದ್ದಲ್ಲೇ ಇತ್ತು. ಜೀಪು ಕಲ್ಲು, ಮಣ್ಣು, ತುಂಬೆಗಿಡ ಎಲ್ಲ ತುಳಿದು ಏರಿಯ ಮೇಲೆ ನಿಂತಿತು. ಶಂಭುಲಿಂಗಪ್ಪ ಕೆಳಗಿನಿಂದ ಟವೆಲ್ ಬೀಸಿದ. ಚಿಕ್ಕಬೈರಪ್ಪ, “ಹತ್ತಿಬಿಡ್ತಲ್ಲ,” ಅಂದ, ತನಗೇ ಹೇಳಿಕೊಂಡ ಹಾಗೆ. ಸೊಣ್ಣಮ್ಮ ಮಡಿಲಲ್ಲಿ ಬಿದ್ದ ತನ್ನ ಕೈಗಳನ್ನು ನೋಡುತ್ತಿದ್ದಳು. ಸಂತೋಷ ಆಗಬೇಕಿತ್ತು. ಆಗಿತ್ತೋ ಏನೋ. ಆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಜೀಪು ಉಳಿಯಿತು. ಅಂಗಳ ಬಿಟ್ಟು ಹೊರಗೋಡೆಯ ಪಕ್ಕ ನಿಂತಿತು. ಭಾನುವಾರದವರು ಬಂದರೆ ಸೊಣ್ಣಮ್ಮ ಸೆರಗು ಬಿಗಿದು ಅವರ ಜೀಪುಗಳ ಕೆಳಗೂ ಮಲಗುತ್ತಾಳೆ. ಎಡ ಬಲ ಈಗಲೂ ಒಮ್ಮೊಮ್ಮೆ ತಪ್ಪುತ್ತದೆ. ಮಿಕ್ಕ ತೆಳು ಬಳೆ ಗೋಡೆಯ ಗೂಡಿನಲ್ಲಿದೆ. ಅದು ಎಲ್ಲಿಯದೆಂದು ಗೊತ್ತಾಗಲಿಲ್ಲ. ಅದು ಇಲ್ಲದ್ದಕ್ಕೋ ಏನೋ, ಪೆಟ್ಟಿಗೆಯಿಂದ ರಾತ್ರಿಯೆಲ್ಲ ಎಣ್ಣೆ ತೊಟ್ಟಿಕ್ಕುತ್ತದೆ.

ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕುವ ಮೊದಲು ಅವಳು ಜೀಪಿನ ಕೆಳಗೆ ಕೈಹಾಕಿ ಪಿಂಗಾಣಿ ತಟ್ಟೆಯನ್ನು ಎಳೆಯುತ್ತಾಳೆ. ತುಳುಕದ ಹಾಗೆ ಎತ್ತಿ, ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ, ಪೆಟ್ಟಿಗೆಯ ಬಾಯಿಗೆ ವಾಪಸ್ಸು ಹುಯ್ಯುತ್ತಾಳೆ. ತಟ್ಟೆ ಒರೆಸಿ ಅಲ್ಲೇ ಇಡುತ್ತಾಳೆ.