ಹಿತ್ತಲಿನ ಚಿಲಕ

ಕೆಂಚಾರ್ಲಹಳ್ಳಿಯ ನಮ್ಮ ಮನೆಯ ಹಿತ್ತಲಿನಲ್ಲಿರುವ ಪಾಯಿಖಾನೆಗೆ ಕಬ್ಬಿಣದ ಚಿಲಕ. ಅಪ್ಪ ತೀರಿಕೊಂಡು ಎರಡು ವರ್ಷವಾದರೂ ಬೆಳಿಗ್ಗೆ ಅದರ ಸದ್ದು ನನಗೆ ಕೇಳುತ್ತದೆ. ಮೊದಮೊದಲು ಹೋಗಿ ನೋಡುತ್ತಿದ್ದೆ, ಯಾರೂ ಇರುತ್ತಿರಲಿಲ್ಲ.

ಅಪ್ಪ ಮಿಲಿಟರಿಯಿಂದ ತಂದದ್ದು ಒಂದು ಟ್ರಂಕು, ಜೊತೆಗೆ ವಾಸಿಯಾಗದ ಕರುಳಿನ ಹುಣ್ಣು. ದಿನಕ್ಕೆ ಹನ್ನೆರಡು ಸಲ ಆ ಚಿಲಕದ ಸದ್ದಾಗುತ್ತಿತ್ತು. ರಕ್ತ ಹೋಗುತ್ತದೆ ಎಂದು ಹೇಳಿದ್ದು ಅಮ್ಮ. ಅಪ್ಪನನ್ನು ಕೇಳಿದರೆ "ಹೊಟ್ಟೆ ಸ್ವಲ್ಪ ಸರಿಯಿಲ್ಲಮ್ಮ" ಅಷ್ಟೇ. ನೆಂಟರಿಷ್ಟರು ಮಾತ್ರ ಮಿಲಿಟರಿ ರಮ್ ಕುಡಿದು ಕೆಡಿಸಿಕೊಂಡ ಎಂದು ಆಡಿಕೊಳ್ಳುತ್ತಿದ್ದರು. ಅಪ್ಪ ಒಂದು ತೊಟ್ಟು ಮುಟ್ಟಿದವನಲ್ಲ. ಅಂಗವೈಕಲ್ಯ ಪಿಂಚಣಿಗೆ ನಾನು ಅರ್ಜಿ ಬರೆದಾಗ ಅವನು ಕೇಳಿದ್ದು ಒಂದೇ: "ಕಾಯ್ಲೆ ಸರ್ವಿಸ್‌ನಲ್ಲಿ ಬಂದಿದ್ದು ಅಂತ ಬರೆದುಕೊಡ್ತಾರೇನಮ್ಮ?"

ಅರ್ಜಿಗಾಗಿ ಬೆಂಗಳೂರಿನಲ್ಲಿ ಮಿಲಿಟರಿ ಡಾಕ್ಟರ ತಪಾಸಣೆ. ಬಸ್ಸಿನಲ್ಲಿ ಮರ್ಯಾದೆ ಹೋಗಬಾರದೆಂದು ಅಪ್ಪ ಹಿಂದಿನ ದಿನದಿಂದಲೇ ಉಪವಾಸ. ನಾನೂ ಅವನ ಜೊತೆ ಕೋಣೆಯೊಳಗೆ ನುಗ್ಗಿದೆ. ಹೈಸ್ಕೂಲ್ ಮೇಡಂ ನೋಡಿ, ಎಲ್ಲದರಲ್ಲೂ ಮೂಗು ತೂರಿಸದಿದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ.

ದಿನಕ್ಕೆ ಎಷ್ಟು ಸಲ ಹೋಗುತ್ತೀರಿ ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದರು.

ಅಪ್ಪ ಒಮ್ಮೆ ನನ್ನ ಕಡೆ ನೋಡಿ, ನೆಟ್ಟಗೆ ಕೂತ. "ದೋ ಬಾರ್, ಸಾಬ್." ಎರಡು ಸಲ. ರಕ್ತ? ಇಲ್ಲ ಎಂದು ತಲೆಯಾಡಿಸಿದ.

ಮಕ್ಕಳು ಸುಳ್ಳು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುವ ನಾನು ಬಾಯಿ ಬಿಡಲಿಲ್ಲ. ಹೆತ್ತ ಅಪ್ಪನ ಎದುರಿಗೇ ಅವನ ಮಲದ ಮಾತು ಹೇಗೆ ಆಡುವುದು? ನನಗೆ ನಾಚಿಕೆಯಾಯಿತು. ಆ ನಾಚಿಕೆಯನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ತೊಂದರೆ ಅಲ್ಪ, ಸೇವೆಗೆ ಸಂಬಂಧವಿಲ್ಲ ಎಂದು ಅರ್ಜಿ ತಿರಸ್ಕೃತವಾಗಿ ಬಂತು. ನಾನು ರೇಗಿಬಿಟ್ಟೆ. "ಅಲ್ಲಪ್ಪ, ನಿಜ ಹೇಳಕ್ಕೆ ನಿಂಗೇನಾಗಿತ್ತು?"

ಅಪ್ಪ ಆ ಪತ್ರವನ್ನು ಮಡಿಸಿದಂತೆಯೇ ಮತ್ತೆ ಮಡಿಸಿದ. "ಅಪೀಲ್ ಹಾಕಣಮ್ಮ. ಈ ಸಲ ನೀನು ಆಚೆ ನಿಂತ್ಕೋ. ಆವಾಗ ಎಲ್ಲಾ ಹೇಳ್ತೀನಿ."

ಅಪೀಲು ಹಾಕಿದೆವು. ಖುದ್ದಾಗಿ ಹಾಜರಾಗಬೇಕೆಂದು ಮರುತಪಾಸಣೆಯ ಪತ್ರ ಬಂದಾಗ ಅಪ್ಪನ ತಿಥಿ ಮುಗಿದು ವಾರವಾಗಿತ್ತು. ನೆಂಟರು ತಿಥಿಯ ಊಟ ಮಾಡುತ್ತಲೂ ರಮ್ಮಿನ ಮಾತೇ ಆಡಿ ಹೋಗಿದ್ದರು.

ಈಗ ಬೆಳಿಗ್ಗೆ ಚಿಲಕದ ಸದ್ದು ಕೇಳಿದರೆ ನಾನು ಹಿತ್ತಲಿಗೆ ಹೋಗುವುದಿಲ್ಲ. ಬೀದಿ ಬಾಗಿಲು ತೆಗೆದು ಆಚೆ ಹೋಗಿ ನಿಲ್ಲುತ್ತೇನೆ, ಅಪ್ಪ ಹೇಳಿ ಮುಗಿಸಲಿ ಎಂದು.