ನೂಲಿನ ಬುಟ್ಟಿಯೊಳಗಿನ ಬಾಟಲಿ

"ಇನ್ನೂ ತಡೆಯೋಕೆ ಆಗುತ್ತಾ?" ಎಂದು ಸ್ಕ್ಯಾನ್ ಮಾಡುವ ಹೆಂಗಸು ತಮಿಳಿನಲ್ಲಿ ಕೇಳಿದಳು. ನನ್ನ ಹೊಟ್ಟೆಗೆ ತಣ್ಣನೆಯ ಅಂಟು ಹಚ್ಚಿ ಯಂತ್ರ ಒತ್ತಿ ಆಡಿಸುತ್ತಿದ್ದಳು. ಸ್ಕ್ಯಾನಿಗೆ ಮೂತ್ರದ ಚೀಲ ತುಂಬಿರಬೇಕಂತೆ. ಅದಕ್ಕೆ ಬಾಟಲಿಗಟ್ಟಲೆ ನೀರು ಕುಡಿಸಿದ್ದರು. ಹೊರಗೆ ಕಾಯುತ್ತಿದ್ದ ಬೇರೆಯವರೆಲ್ಲ ಕಾಲು ಕುಣಿಸುತ್ತಿದ್ದರು.

"ಸಾಯಂಕಾಲದ ತನಕ ತಡೀತೀನಿ ಅಕ್ಕಾ. ಅದೊಂದು ಕೆಲಸ ಚೆನ್ನಾಗಿ ಬರುತ್ತೆ."

ಅವಳು ನಕ್ಕಳು. ಪರದೆ ನೋಡಿದ ಮೇಲೆ ನಗಲಿಲ್ಲ.

ನಾನು ಅಲ್ಲಿ ಮಲಗಿದ್ದು ಅಣ್ಣನಿಗೆ ನನ್ನ ಒಂದು ಕಿಡ್ನಿ ಕೊಡುವುದಕ್ಕೆ. ಅವನ ಎರಡೂ ಹೋಗಿದ್ದವು. ವಾರಕ್ಕೆ ಎರಡು ಮೂರು ಸಲ ಕೊಯಮತ್ತೂರಿಗೆ ಬಂದು ಯಂತ್ರದಲ್ಲಿ ರಕ್ತ ತೊಳೆಸಿಕೊಂಡು ಹೋಗುತ್ತಿದ್ದ. ಅಪ್ಪ ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದವನು ಅವನು. ಶಾಲೆ ಬಿಡಿಸಿ ಮಗ್ಗ ಕಲಿಸಿದವನೂ ಅವನೇ. ನನ್ನ ರಕ್ತ ಅವನಿಗೆ ಹೊಂದುತ್ತದೆ ಎಂದಾಗ ನಾನು ಯೋಚಿಸಲಿಲ್ಲ. ತಗೊಳ್ಳಿ ಎಂದೆ.

ಕೊಯಮತ್ತೂರಿನ ಹತ್ತಿರದ ನೆಗಮಂನಲ್ಲಿ ನಮ್ಮದು ನೇಯುವ ಮನೆ. ನೆಲದಲ್ಲಿ ಗುಂಡಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತೇವೆ. ನಡುವೆ ಎದ್ದು ಹೋಗಿ ಬಂದರೆ ತಿರುಗಿ ನೂಲು ಬಡಿಯುವ ಮೊದಲ ಏಟಿನ ಬಿಗಿ ಬೇರೆ ಆಗುತ್ತದೆ. ಸೀರೆಯಲ್ಲಿ ಒಂದು ಗೆರೆ ಉಳಿಯುತ್ತದೆ. ಅದಕ್ಕೆ ನಾವು ಕೋಡು ಅನ್ನುತ್ತೇವೆ. ಕೊಳ್ಳುವವನು ಬೆಳಕಿಗೆ ಹಿಡಿದರೆ ಸಿಕ್ಕಿಬಿಡುತ್ತದೆ. ಹಾಗಾಗಿ ಏಳಬಾರದು. ಏಳಬಾರದು ಅಂದರೆ ಕುಡಿಯಬಾರದು. ಬೆಳಿಗ್ಗೆ ಅರ್ಧ ಲೋಟ ಕಾಪಿ, ಮುಗಿಯಿತು.

ನೀರು ಕೇಳಿದರೆ ಅಣ್ಣ ಹೇಳುತ್ತಿದ್ದ: "ಬಾಯಿ ಮುಕ್ಕಳ್ಸು ತಂಬಿ, ನುಂಗಬ್ಯಾಡ. ಕೋಡು ಬಿದ್ರೆ ನನ್ನ ಮಾನ ಹೋಯ್ತದೆ."

ನಾನು ಮುಕ್ಕಳಿಸಿ ಉಗುಳಿದೆ. ವರ್ಷಗಟ್ಟಲೆ ಉಗುಳಿದೆ. ಸೊಂಟದ ಪಕ್ಕ ನೋವು ಬಂದರೆ ಗುಂಡಿಯಲ್ಲಿ ಕೂತದ್ದಕ್ಕೆ ಅಂದುಕೊಂಡೆ. ನಮ್ಮ ಬೀದಿಯಲ್ಲಿ ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ.

ಸ್ಕ್ಯಾನ್ ಆದ ಮೇಲೆ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಕಾಗದದ ಮೇಲೆ ಕಿಡ್ನಿ ಅಂತ ಎರಡು ದೊಡ್ಡ ಅವರೆಕಾಳು ಬರೆದರು. ಪಕ್ಕೆಲುಬಿನ ಕೆಳಗೆ, ಬೆನ್ನಿನ ಕಡೆ, ಮುಷ್ಟಿಯಷ್ಟು ಗಾತ್ರ. ಮೈಯ ರಕ್ತವೆಲ್ಲ ಅವುಗಳ ಮೂಲಕ ಹಾದು ಹೋಗುತ್ತಲೇ ಇರುತ್ತದಂತೆ. ಒಳಗೆ ಕಣ್ಣಿಗೆ ಕಾಣದ ಜರಡಿಗಳು. ಅವು ನೀರು, ಉಪ್ಪು, ಕಸ ಎಲ್ಲ ಸೋಸಿ ಇಳಿಸಿ, ಮೈಗೆ ಬೇಕಾದ ನೀರನ್ನು ತಿರುಗಿ ರಕ್ತಕ್ಕೆ ಎಳೆದುಕೊಳ್ಳುತ್ತವೆ. ಉಳಿದದ್ದು ಎರಡು ಕೊಳವೆಗಳಲ್ಲಿ ಇಳಿದು ಚೀಲ ಸೇರುತ್ತದೆ. ಅದೇ ಮೂತ್ರ. ನಾವು ನೀರು ಕುಡಿಯದಿದ್ದರೆ ಕಿಡ್ನಿ ಇದ್ದಬದ್ದ ನೀರನ್ನೆಲ್ಲ ಎಳೆದುಕೊಂಡು ಕಸವನ್ನು ದಪ್ಪಗೆ ಬಿಡುತ್ತದೆ. ಇಷ್ಟು ತಿಳಿಯುವುದು ನನಗೆ ಕಷ್ಟವಾಗಲಿಲ್ಲ. ನೂಲಿಗೆ ಗಂಜಿ ಕಾಯಿಸುವಾಗ ನೀರು ಸಾಲದಿದ್ದರೆ ಅದು ತಳ ಹಿಡಿದು ಗಟ್ಟಿಯಾಗುತ್ತದೆ. ನನ್ನೊಳಗೂ ಹಾಗೇ ಆಗಿತ್ತು. ಎರಡೂ ಕಡೆ ಕಲ್ಲು.

"ನಿನ್ನದನ್ನ ತೆಗೆಯೋ ಹಾಗಿಲ್ಲ," ಎಂದರು. ಆಮೇಲೆ ಅಣ್ಣನ ಕಡೆ ತಿರುಗಿದರು. "ಕಲ್ಲು ಅಡ್ಡ ಕೂತೇ ನಿನ್ನದು ಕೆಟ್ಟಿದ್ದು. ಮೊದಲ ಸಲ ಬಂದಾಗಲೇ ಹೇಳಿದ್ದೆ. ಮಗ್ಗದಲ್ಲಿ ಕೂರೋರೆಲ್ಲ ನೀರು ಕುಡೀಬೇಕು, ನಿನ್ನ ತಮ್ಮನನ್ನೂ ಕರ್ಕೊಂಡು ಬಾ ಅಂತ. ಇವನಿಗೆ ಹೇಳಲಿಲ್ವಾ?"

ಅಣ್ಣ ಅವರೆಕಾಳಿನ ಕಾಗದ ಮಡಚಿ ಜೇಬಿಗಿಟ್ಟುಕೊಂಡ.

ಆಗ ನನಗೆ ಬಾಟಲಿ ನೆನಪಾಯಿತು. ಅವನು ಮೊದಲ ಸಲ ಆಸ್ಪತ್ರೆಗೆ ಹೋಗಿ ಬಂದ ಮೇಲೆ ಅವನ ಮಗ್ಗದ ಪಕ್ಕ, ನೂಲಿನ ಬುಟ್ಟಿಯ ತಳದಲ್ಲಿ ಒಂದು ಬಾಟಲಿ ಇರುತ್ತಿತ್ತು. ನಾನು ಆ ಕಡೆ ತಿರುಗಿದಾಗ ಎತ್ತಿ ಕುಡಿಯುತ್ತಿದ್ದ. ಸಾರಾಯಿ ಅಂದುಕೊಂಡೆ. ಅತ್ತಿಗೆಗೆ ಗೊತ್ತಾದರೆ ಜಗಳ ಅಂತ, ಅವಳು ಬುಟ್ಟಿಗೆ ಕೈ ಹಾಕಲು ಬಂದರೆ ನಾನೇ ಮುಂದೆ ಬಿದ್ದು ನೂಲು ತೆಗೆದುಕೊಡುತ್ತಿದ್ದೆ. ಅವನ ಗುಟ್ಟು ಕಾದೆ. ಅದು ನೀರು.

ಇನ್ನೊಂದೂ ಆಗ ತಿಳಿಯಿತು. ಅದೇ ಸಮಯದಲ್ಲಿ ಅವನು ಚೌಕಳಿ ಸೀರೆ ತಾನಿಟ್ಟುಕೊಂಡು, ಒಂದೇ ಬಣ್ಣದ ಸೀರೆಗಳನ್ನು ನನಗೆ ಕೊಟ್ಟಿದ್ದ. "ನಿನ್ನ ಕೈ ನನ್ನ ಕೈಗಿಂತ ಪಳಗಿದೆ" ಎಂದಿದ್ದ. ನಾನು ಹಿಗ್ಗಿದ್ದೆ. ಚೌಕಳಿಯ ಗೆರೆಗಳ ನಡುವೆ ಕೋಡು ಬಿದ್ದರೂ ಕಾಣುವುದಿಲ್ಲ. ಕುಡಿಯಬಹುದು, ಏಳಬಹುದು.

ಊರಿನ ಬಸ್ಸು ಹಿಡಿಯಲು ಉಕ್ಕಡಂ ಬಸ್ ಸ್ಟ್ಯಾಂಡಿಗೆ ಬಂದೆವು. ಬೆಂಚಿನ ಮೇಲೆ ಕೂತ ಮೇಲೆ ಕೇಳಿದೆ.

"ಯಾಕೆ ಹೇಳ್ಲಿಲ್ಲ?"

"ಮದುವೆ ಮುಹೂರ್ತದ ಆರ್ಡರ್ ಇತ್ತು ತಂಬಿ. ಇಬ್ರೂ ಎದ್ದೆದ್ದು ಹೋದ್ರೆ ನೇಯೋ ವೇಲೆ ಯಾರು ಮುಗ್ಸೋದು? ನೀನು ಸಣ್ಣವ, ತಡ್ಕೋತೀಯ ಅಂದ್ಕೊಂಡೆ."

"ನಿನಗೆ ಮಾತ್ರ ಬಾಟ್ಲಿ."

"ನನಗೆ ನೋವು ಬಂದಿತ್ತಲ್ಲ ಸಾಮಿ."

"ನನಗೂ ಬಂದಿತ್ತು. ಗುಂಡಿ ನೋವು ಅಂತ ಎಣ್ಣೆ ತಿಕ್ಕಿದ್ದು ನೀನೇ."

ನಾನು ಎದ್ದು ಹೋಗಿ ಒಂದು ಬಾಟಲಿ ನೀರು ತಂದೆ. ಅಣ್ಣನಿಗೆ ಈಗ ಮೂತ್ರ ಬರುವುದೇ ಇಲ್ಲ. ಕುಡಿದ ನೀರು ಕಾಲಲ್ಲಿ, ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಅದಕ್ಕೆ ದಿನದ ನೀರನ್ನು ಲೋಟದಲ್ಲಿ ಅಳೆದು ಕೊಡುತ್ತಾರೆ. ಇವತ್ತಿನ ಪಾಲನ್ನು ಅವನು ಆಸ್ಪತ್ರೆಯಲ್ಲೇ ಮುಗಿಸಿದ್ದ.

"ಒಂದು ಗುಟುಕು ಕೊಡು ತಂಬಿ," ಎಂದ.

"ಬಾಯಿ ಮುಕ್ಕಳ್ಸು. ನುಂಗಬ್ಯಾಡ," ಎಂದು ಬಾಟಲಿ ಕೊಟ್ಟೆ.

ಅವನು ಮುಕ್ಕಳಿಸಿ ಉಗುಳಿ ಬಾಟಲಿ ತಿರುಗಿ ಕೊಟ್ಟ. ಮಿಕ್ಕದ್ದನ್ನು ಅವನ ಎದುರೇ ಪೂರ್ತಿ ಕುಡಿದೆ. ಬಸ್ಸು ಬಂತು.