ಸಂಜೆಯ ಕಾಫಿ ನಿಂತ ಮೇಲೆ

ದಿನಕ್ಕೆ ಎರಡು ಲೋಟ ಸಾಕು, ಮಧ್ಯಾಹ್ನದ ಮೇಲೆ ಮುಟ್ಟಲೇಬೇಡಿ ಎಂದು ಡಾಕ್ಟರು ಹೇಳಿದಾಗ ನಾನು ವಾದ ಮಾಡಲಿಲ್ಲ. ವಾದಕ್ಕೂ ತ್ರಾಣ ಬೇಕು. ಎದೆಯುರಿ, ರಾತ್ರಿಯೆಲ್ಲ ಹೊರಳಾಟ, ಬೆಳಗ್ಗೆ ಎದ್ದರೆ ಮತ್ತೆ ಕಾಫಿಯೇ ಗತಿ. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಬಿಡುವುದೂ ಅಂಥ ಕಷ್ಟವಾಗಲಿಲ್ಲ. ಮೊದಮೊದಲು ತಲೆನೋವು, ಆಮೇಲೆ ನಿದ್ದೆ ಹತ್ತತೊಡಗಿತು, ಎದೆಯುರಿಯೂ ಇಳಿಯಿತು. ತೊಂದರೆ ಶುರುವಾದದ್ದು ಬೇರೆ ಕಡೆಯಿಂದ.

ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಲೆಕ್ಕ ಬರೆಯುವವಳು. ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಕುರುಬರಹಳ್ಳಿಗೆ ಬಂದು, ಅತ್ತೆಗೆ ಒಂದು ಲೋಟ ಕಾಫಿ ಕೊಟ್ಟು, ನನ್ನದನ್ನು ಹಿಡಿದು ಹಿಂಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಕಾಫಿ ಕುಡಿಯುತ್ತಿರುವವರನ್ನು ನಮ್ಮ ಮನೆಯಲ್ಲಿ ಯಾರೂ ಎಬ್ಬಿಸುವುದಿಲ್ಲ. ಆರಿಹೋದರೆ ಕೆಡುತ್ತದಲ್ಲ! ಆ ಮರ್ಯಾದೆ ಕಾಫಿಗೆ, ನನಗಲ್ಲ. ಹೇಗಾದರೂ ಆಗಲಿ, ಇಡೀ ದಿನದಲ್ಲಿ ಆ ಕಾಲು ಗಂಟೆ ಮಾತ್ರ ನನ್ನದಾಗಿತ್ತು.

ಕಾಫಿ ಹೋಯಿತು, ಜೊತೆಗೆ ಕೂರುವುದೂ ಹೋಯಿತು. ನನ್ನ ಆರೋಗ್ಯದ ಮೇಲೆ ಮನೆಯವರಿಗೆಲ್ಲ ಇದ್ದಕ್ಕಿದ್ದಂತೆ ಎಲ್ಲಿಲ್ಲದ ಕಾಳಜಿ. ನಾನು ಸಂಜೆ ಕಾಫಿ ಬಿಟ್ಟೆನೆಂದು ನಮ್ಮ ಯಜಮಾನರು ನೆಂಟರಿಗೆಲ್ಲ ಫೋನಿನಲ್ಲಿ ಹೇಳಿದರು. ಅದೇ ಬಾಯಲ್ಲಿ, ನಾನು ಬ್ಯಾಗು ಇಳಿಸುವ ಮೊದಲೇ, ಹೇಗೂ ಕಾಫಿ ಇಲ್ಲವಲ್ಲ, ಚಪಾತಿ ಹಿಟ್ಟು ಕಲಸಿಬಿಡು ಅನ್ನತೊಡಗಿದರು. ಒಂದು ದಿನ ಬಿಸಿನೀರು ತುಂಬಿದ ಲೋಟ ಹಿಡಿದು ಮೆಟ್ಟಿಲಿಗೆ ಹೋದೆ. ಮಗಳು ಬಗ್ಗಿ ನೋಡಿ, ನೀರು ತಾನೇ, ಬಾಮ್ಮಾ, ನನ್ನ ಚೂಡಿದಾರದ ಹೊಲಿಗೆ ಬಿಚ್ಚಿದೆ ಎಂದಳು. ನೀರು ಆರಿದರೆ ಕೆಡುವ ಪದಾರ್ಥವಲ್ಲ, ನಿಂತೂ ಕುಡಿಯಬಹುದು.

ಸುಮ್ಮನೆ ಕೂರಬೇಕು ಎಂದು ಬಾಯಿಬಿಟ್ಟು ಹೇಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹೇಳಿ ನೋಡಿದೆ. ಹುಷಾರಿಲ್ಲವಾ ಎಂದು ಹಣೆ ಮುಟ್ಟಿ ನೋಡಿದರು. ಜ್ವರ ಇಲ್ಲವೆಂದು ಗೊತ್ತಾದ ಮೇಲೆ ಎಲ್ಲ ಮೊದಲಿನಂತೆಯೇ.

ಕೊನೆಗೊಂದು ಸಂಜೆ ಅಡುಗೆಮನೆಯಲ್ಲಿ ಅತ್ತೆಯ ಕಾಫಿ ಬೆರೆಸುತ್ತಾ ನನಗೆ ಅಳುವೇ ಬಂತು. ನಿದ್ದೆ ಕೆಟ್ಟರೆ ಕೆಡಲಿ, ಎದೆ ಉರಿದರೆ ಉರಿಯಲಿ, ನಾಳೆಯಿಂದ ನಾನೂ ಕುಡಿಯುತ್ತೇನೆ ಎಂದು ಲೋಟಕ್ಕಾಗಿ ಬಂದು ನಿಂತಿದ್ದ ಅತ್ತೆಗೆ ಹೇಳಿಬಿಟ್ಟೆ. ಒಳ್ಳೆಯ ಮಾತಿನಲ್ಲಿ ಅವರದು ಯಾವತ್ತೂ ಕೈ ಬಿಗಿ. ಲೋಟ ಇಸಿದುಕೊಂಡು ನಡುಮನೆಯ ಕಡೆ ಹೋಗುವ ಬದಲು ಹಿಂಬಾಗಿಲಿಗೆ ನಡೆದರು. ಅಲ್ಲಿಂದಲೇ ನನ್ನನ್ನು ಕರೆದರು. ಹೋದೆ. ಮೆಟ್ಟಿಲ ಮೇಲೆ ಕೂತಿದ್ದ ಅವರು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.

"ನಾನೂ ಒಂದು ಕಾಲ್ದಲ್ಲಿ ದಿನಕ್ಕೆ ಆರು ಲೋಟ ಕುಡೀತಿದ್ದೆ," ಎಂದರು. "ಕಾಫಿ ಆಸೆಗೆ ಅನ್ಕೊಂಡಿದೀಯಾ?"

ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಾನು ಅವರನ್ನು ಕಾಫಿ ಹುಚ್ಚಿನವರು ಎಂದೇ ತಿಳಿದಿದ್ದೆ. ಇಬ್ಬರೂ ಸುಮ್ಮನೆ ಕೂತೆವು. ಪಕ್ಕದ ಮನೆಯ ಕುಕ್ಕರ್ ಕೂಗಿತು, ಕತ್ತಲಾಗುತ್ತಾ ಬಂತು. ಒಳಗಿನಿಂದ ಯಜಮಾನರು ನನ್ನನ್ನು ಕೂಗಿದರು, ಟವಲ್ಲು ಕಾಣುತ್ತಿಲ್ಲವಂತೆ. ಅಭ್ಯಾಸಬಲ, ನಾನು ಏಳಹೊರಟೆ. ಅತ್ತೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಅದುಮಿದರು.

"ನಾನು ಕಾಫಿ ಕುಡೀತಾ ಇದೀನಿ ಕಣೋ," ಎಂದು ಮಗನಿಗೆ ಕೇಳುವಂತೆ ಹೇಳಿದರು. "ಜೊತೇಲಿರು ಅಂತ ಇವಳನ್ನ ಕೂರಿಸ್ಕೊಂಡಿದೀನಿ. ಆಮೇಲೆ ಬರ್ತಾಳೆ."

ಒಳಗೆ ಸದ್ದಡಗಿತು. ನಾನು ಅವರ ಲೋಟದ ಕಡೆ ನೋಡಿದೆ. ತಳದಲ್ಲಿ ನೊರೆ ಒಣಗಿ ಅಂಟಿಕೊಂಡಿತ್ತು. ಅತ್ತೆ ಅದನ್ನೆತ್ತಿ ತುಟಿಗಿಟ್ಟು, ನಿಧಾನವಾಗಿ, ಇನ್ನೊಂದು ಗುಟುಕು ಕುಡಿದರು. ನಾನು ಕಾಲು ಚಾಚಿ ಕೂತೆ.